ಊರಲ್ಲಿ ಡಿಪ್ಲೊಮಾ ಆಗಿದೆ, ಅಮೆರಿಕದಲ್ಲಿ ಮತ್ತೆ ಎರಡು ವರ್ಷ ಕಮ್ಯುನಿಟಿ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಓದ್ಬೇಕಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಹಾಸನದ ಕಡೆಯವಳು. 2011ರಲ್ಲಿ ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಡಿಪ್ಲೊಮಾ ಮುಗಿಸಿ ಬೆಂಗಳೂರಲ್ಲಿ ಯುಪಿಎಸ್ ಸರ್ವಿಸ್ ಮಾಡೋ ಒಂದು ಸಣ್ಣ ಕಂಪನೀಲಿ ಎರಡು ವರ್ಷ ಬೋರ್ಡ್ ರಿಪೇರಿ ಮಾಡ್ತಿದ್ದೆ, ಆಮೇಲೆ ಮದುವೆ, ಮಗು. ಈಗ ಅರಿಜೋನಾದ ಚಾಂಡ್ಲರ್‌ನಲ್ಲಿದ್ದೀವಿ, ಯಜಮಾನ್ರ ಕೆಲಸದ ವೀಸಾ ಜೊತೆ ಬರೋ ಎಚ್-4 ವೀಸಾ ಮೇಲೆ ಇಎಡಿ ಅನ್ನೋ ಕೆಲಸದ ಪರವಾನಗಿ ಕಾರ್ಡ್ ಬಂದಿದೆ, ಮಗಳು ಸ್ಕೂಲಿಗೆ ಹೋಗ್ತಾಳೆ. ಇಲ್ಲಿನ ಕಮ್ಯುನಿಟಿ ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ ಎರಡು ವರ್ಷದ ಕೋರ್ಸ್ ಸೇರೋಣ ಅಂತ ಆಸೆ. ನಮ್ಮ ಯಜಮಾನ್ರು ಸಾಫ್ಟ್‌ವೇರ್, ಅವ್ರು ಅದೆಲ್ಲ ವೇಸ್ಟ್, ಎಂಎಸ್ ಮಾಡು ಇಲ್ಲಾಂದ್ರೆ ಡೇಟಾ ಅನಾಲಿಟಿಕ್ಸ್ ಕಲಿ ಅಂತಾರೆ. ಮತ್ತೆ ಓಮ್ಸ್ ಲಾ ಇಂದ ಶುರು ಮಾಡ್ಬೇಕಾ? ಕೆಲಸ ಸಿಗತ್ತಾ?

ಉತ್ತರ: ಸೇರಿ ಅಂತಲೇ ಹೇಳ್ತೀನಿ, ಆದ್ರೆ ಓಮ್ಸ್ ಲಾ ಕಲಿಯೋಕೆ ಅಂತ ಸೇರ್ಬೇಡಿ, ಅದು ನಿಮ್ಗೆ ಆಗ್ಲೇ ಬರತ್ತೆ. ನೀವಿಲ್ಲಿ ಫೀಸ್ ಕಟ್ಟೋದು ಸಿಲಬಸ್‌ಗಲ್ಲ, ಲ್ಯಾಬ್ ಬೆಂಚಿಗೆ, ಇಲ್ಲಿ ಕೆಲಸ ಮಾಡೋ ರೀತಿ ಕೈಗೆ ಹತ್ತೋದಕ್ಕೆ, ಮತ್ತೆ ರೆಸ್ಯೂಮೆ ಮೇಲೆ ಈ ಊರಿನ ಮ್ಯಾನೇಜರ್‌ಗಳಿಗೆ ಗುರುತಿರೋ ಒಂದು ಕಾಲೇಜಿನ ಹೆಸರು ಬರೋದಕ್ಕೆ. ಯಾವ ಕ್ಲಾಸ್ ಬಿಡ್ಬೇಕು, ಯಾವ್ದಕ್ಕೆ ಟೈಮ್ ಕೊಡ್ಬೇಕು ಅನ್ನೋದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ. ನಾನು ಹಗಲು ಟೆಸ್ಟ್ ಇಂಜಿನಿಯರ್ ಕೆಲಸ, ಸಂಜೆ ಇಂಥದ್ದೇ ಒಂದು ಕಾಲೇಜಲ್ಲಿ ಲ್ಯಾಬ್ ಕ್ಲಾಸ್ ತಗೊಳ್ತೀನಿ, ಹಾಗಾಗಿ ಬೆಂಚಿನ ಎರಡೂ ಕಡೆ ನಿಂತು ನೋಡಿರೋ ಮಾತಿದು.

ಮೊದಲು ಯಜಮಾನ್ರ ವಿಷಯ ಮುಗಿಸಿಬಿಡೋಣ. ಎಂಎಸ್ ಮಾಡೋಕೆ ಇಲ್ಲಿ ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿ ಬೇಕು. ನಿಮ್ಮತ್ರ ಇರೋದು ಡಿಪ್ಲೊಮಾ. ಅಂದ್ರೆ ಎಂಎಸ್ ಅನ್ನೋದು ನಿಮ್ಮ ಮುಂದಿನ ಮೆಟ್ಟಿಲೇ ಅಲ್ಲ, ನಡುವೆ ಇನ್ನೊಂದು ಡಿಗ್ರಿ ಆಗ್ಬೇಕು, ಅದಕ್ಕೆ ಅತಿ ಕಡಿಮೆ ಖರ್ಚಿನ ದಾರಿ ಈ ಕಮ್ಯುನಿಟಿ ಕಾಲೇಜೇ. ಅವ್ರಿಗೆ ಇದನ್ನ ಹೀಗೇ ಹೇಳಿ, ಜಗಳ ಅರ್ಧ ಕಡಿಮೆ ಆಗತ್ತೆ. ಡೇಟಾ ಅನಾಲಿಟಿಕ್ಸ್ ಬಗ್ಗೆ ನನ್ನ ಅಭಿಪ್ರಾಯ ಬಿಚ್ಚಿ ಹೇಳ್ತೀನಿ, ಆನ್‌ಲೈನ್ ಸರ್ಟಿಫಿಕೇಟ್ ಇಟ್ಕೊಂಡು ಎಂಟ್ರಿ ಲೆವೆಲ್ ಬಾಗಿಲಲ್ಲಿ ನಿಂತಿರೋರ ಕ್ಯೂ ತುಂಬಾ ಉದ್ದ ಇದೆ, ಅದರಲ್ಲಿ ನೀವು ಹತ್ತು ವರ್ಷದ ಗ್ಯಾಪ್ ಇಟ್ಕೊಂಡು ಎಲ್ಲರ ಹಿಂದೆ ನಿಲ್ತೀರ. ಸುಟ್ಟ ಬೋರ್ಡ್ ನೋಡಿ ಎಲ್ಲಿ ಹೋಗಿದೆ ಅಂತ ಹುಡುಕಿರೋರ ಕ್ಯೂ ಅಷ್ಟು ಉದ್ದ ಇಲ್ಲ. ಎರಡು ವರ್ಷ ಯುಪಿಎಸ್ ಬೋರ್ಡ್ ರಿಪೇರಿ ಮಾಡಿದೀನಿ ಅಂತ ಒಂದೇ ಲೈನಲ್ಲಿ ಬರೆದು ಮುಂದೆ ಹೋಗಿದೀರ, ನನ್ನ ಪ್ರಕಾರ ನಿಮ್ಮ ಇಡೀ ಪತ್ರದಲ್ಲಿ ಇರೋ ಬೆಲೆಬಾಳೋ ಲೈನ್ ಅದೇ.

ಕಮ್ಯುನಿಟಿ ಕಾಲೇಜು ಅಂದ್ರೆ ನಮ್ಮವರಿಗೆ ಒಂಥರಾ ತಾತ್ಸಾರ, ಸೀಟ್ ಸಿಗದೇ ಇರೋರು ಹೋಗೋ ಜಾಗ ಅಂತ. ಹಾಗಲ್ಲ. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 1901ರಲ್ಲೇ ಶುರುವಾದ ವ್ಯವಸ್ಥೆ ಇದು, ಎರಡನೇ ಮಹಾಯುದ್ಧ ಮುಗಿದು ಸೈನಿಕರು ವಾಪಸ್ ಬಂದು ಓದೋಕೆ ನಿಂತಾಗ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಊರೂರಲ್ಲೂ ಇಂಥ ಕಾಲೇಜು ಬೇಕು ಅಂತ ವರದಿ ಕೊಟ್ಟಮೇಲೆ ಈ ಹೆಸರು ಜನರ ಬಾಯಿಗೆ ಬಂತು. ಸ್ಥಳೀಯ ತೆರಿಗೆ ದುಡ್ಡಲ್ಲಿ ನಡೆಯತ್ತೆ, ಅಡ್ಮಿಷನ್‌ಗೆ ಪೈಪೋಟಿ ಇಲ್ಲ, ಗ್ಯಾಪ್ ಯಾಕೆ ಅಂತ ಯಾರೂ ಕೇಳಲ್ಲ. ನನ್ನ ಸಂಜೆ ಕ್ಲಾಸಲ್ಲಿ ಹೈಸ್ಕೂಲ್ ಮುಗಿಸಿದ ಹುಡುಗನ ಪಕ್ಕ ಟ್ರಕ್ ಮೆಕ್ಯಾನಿಕ್ ಕೂತಿರ್ತಾನೆ, ಅವನ ಪಕ್ಕ ಏರ್‌ಫೋರ್ಸಲ್ಲಿ ರಾಡಾರ್ ನೋಡ್ಕೊಂಡಿದ್ದ ನಲವತ್ತರ ಹೆಂಗಸು. ನೀವೇನು ಎದ್ದು ಕಾಣಲ್ಲ, ಆ ಭಯ ಬಿಡಿ.

ನಿಮ್ಮ ಕಡೆ ಮಾರಿಕೋಪಾ ಕಮ್ಯುನಿಟಿ ಕಾಲೇಜ್ ಡಿಸ್ಟ್ರಿಕ್ಟ್, ಅದರಲ್ಲಿ 10 ಕಾಲೇಜು ಬರತ್ತೆ, ಚಾಂಡ್ಲರ್-ಗಿಲ್ಬರ್ಟ್, ಮೇಸಾ ಎರಡೂ ನಿಮ್ಗೆ ಹತ್ರ. ಒಂದು ಕಾಲೇಜಲ್ಲಿ ಹೆಸರು ಹಚ್ಚಿಸಿ ಇನ್ನೊಂದರಲ್ಲಿ ಕ್ಲಾಸ್ ತಗೋಬಹುದು, ಡಿಸ್ಟ್ರಿಕ್ಟ್ ಒಳಗೆ ಕ್ರೆಡಿಟ್ ಓಡಾಡತ್ತೆ. ಒಂದು ಮಾತು, ಕೋರ್ಸಿನ ಹೆಸರು ನೋಡಿ ಮೋಸ ಹೋಗ್ಬೇಡಿ. ಒಂದು ಕಡೆ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಟೆಕ್ನಾಲಜಿ ಅಂತಿರತ್ತೆ, ಇನ್ನೊಂದು ಕಡೆ ಎಲೆಕ್ಟ್ರೋಮೆಕ್ಯಾನಿಕಲ್, ಮತ್ತೊಂದು ಕಡೆ ಮೆಕಾಟ್ರಾನಿಕ್ಸ್ ಅಥವಾ ಇಂಡಸ್ಟ್ರಿಯಲ್ ಆಟೊಮೇಷನ್. ಒಳಗಿರೋ ಕ್ಲಾಸುಗಳ ಪಟ್ಟಿ ತೆಗೆದು ನೋಡಿ: ಡಿಸಿ, ಎಸಿ ಸರ್ಕ್ಯೂಟ್, ಸೆಮಿಕಂಡಕ್ಟರ್ ಡಿವೈಸ್, ಡಿಜಿಟಲ್, ಆಪ್-ಆಂಪ್, ಮೈಕ್ರೊಕಂಟ್ರೋಲರ್, ಇವಿಷ್ಟು ಇದ್ರೆ ಅದು ಎಲೆಕ್ಟ್ರಾನಿಕ್ಸ್, ಹೈಡ್ರಾಲಿಕ್ಸು, ನ್ಯೂಮ್ಯಾಟಿಕ್ಸು, ಮೋಟರ್ ಕಂಟ್ರೋಲು, ಪಿಎಲ್‌ಸಿ (ಫ್ಯಾಕ್ಟರಿ ಮೆಷಿನ್ ನಡೆಸೋ ಕಂಟ್ರೋಲರ್) ಕಡೆ ವಾಲಿದ್ರೆ ಅದು ಫ್ಯಾಕ್ಟರಿ ಮೆಂಟೆನೆನ್ಸ್ ಕಡೆಯ ಕೋರ್ಸು. ಎರಡೂ ಕೆಟ್ಟದ್ದಲ್ಲ, ಎರಡನೇದಕ್ಕೆ ನಿಮ್ಮ ಊರಲ್ಲಿ ಕೆಲಸ ಇನ್ನೂ ಜಾಸ್ತಿ ಇದ್ರೂ ಇರಬಹುದು.

ಈಗ ತಲೆಬಿಸಿ ವಿಷಯ, ಪೇಪರ್ರು. ಎಚ್-4 ಮೇಲೆ ಓದೋಕೆ ಯಾವ ಅಡ್ಡಿಯೂ ಇಲ್ಲ, ಫುಲ್ ಟೈಮ್, ಪಾರ್ಟ್ ಟೈಮ್ ಯಾವುದಾದ್ರೂ ಓದಿ, ಎಫ್-1 ಅನ್ನೋ ಸ್ಟೂಡೆಂಟ್ ವೀಸಾಗೆ ಬದಲಾಯಿಸ್ಬೇಕಾಗಿಲ್ಲ. ಯಾರೋ ಎಫ್-1 ತಗೋ, ಓಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡೋಕೆ ಸ್ಟೂಡೆಂಟ್‌ಗಳಿಗೆ ಕೊಡೋ ಅನುಮತಿ) ಸಿಗತ್ತೆ ಅಂತ ಹೇಳಿದ್ರೆ ಕೇಳ್ಬೇಡಿ. ಅಸೋಸಿಯೇಟ್ ಡಿಗ್ರಿಗೆ ಓಪಿಟಿ ಒಂದು ವರ್ಷ ಮಾತ್ರ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ಅಂತ ಇನ್ನೆರಡು ವರ್ಷ ವಿಸ್ತರಿಸ್ತಾರಲ್ಲ, ಅದಕ್ಕೆ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಡಿಗ್ರಿ ಆಗಿರ್ಬೇಕು. ಅದೇ ರೀತಿ ಟೆಕ್ನಿಷಿಯನ್ ಕೆಲಸಕ್ಕೆ ಕಂಪನಿ ಎಚ್-1ಬಿ ಮಾಡ್ಕೊಡತ್ತೆ ಅನ್ನೋ ಆಸೆ ಇಟ್ಕೋಬೇಡಿ, ಎಚ್-1ಬಿ ಇರೋದೇ ಕನಿಷ್ಠ ಬ್ಯಾಚುಲರ್ ಬೇಕಾಗೋ ಕೆಲಸಕ್ಕೆ. ನಿಮ್ಮ ಶಕ್ತಿ ಇರೋದು ಆ ಇಎಡಿ ಕಾರ್ಡಲ್ಲಿ, 2015ರಿಂದ ಕೊಡ್ತಿದಾರೆ, ಅದಿರೋವರೆಗೂ ಸ್ಪಾನ್ಸರ್ ಗೊಡವೆ ಇಲ್ದೆ ಯಾವ ಕಂಪನೀಲಾದ್ರೂ ಕೆಲಸ ಮಾಡ್ಬಹುದು. ರಿನ್ಯೂವಲ್‌ಗೆ 180 ದಿನ ಮುಂಚೆನೇ ಹಾಕಬಹುದು, ಆ ತಾರೀಖು ಕ್ಯಾಲೆಂಡರಲ್ಲಿ ಕೆಂಪಲ್ಲಿ ಗುರುತು ಹಾಕಿಡಿ, ಕಾರ್ಡ್ ಮುಗಿದು ಹೊಸದು ಕೈಗೆ ಬರದೆ ಇದ್ರೆ ಕೆಲಸಕ್ಕೆ ಹೋಗೋ ಹಾಗಿಲ್ಲ.

ಇನ್ನೊಂದು ಗೋಡೆ ಇದೆ, ಸೇರೋಕೆ ಮುಂಚೆನೇ ಗೊತ್ತಿರ್ಲಿ. ಫೀನಿಕ್ಸ್ ಸುತ್ತ ಎಲೆಕ್ಟ್ರಾನಿಕ್ಸ್ ಅಂದ್ರೆ ಅರ್ಧ ಡಿಫೆನ್ಸ್, ಏರೋಸ್ಪೇಸ್. ಅಲ್ಲಿ ಯು.ಎಸ್. ಪರ್ಸನ್ ಅಂತ ಒಂದು ಷರತ್ತಿರತ್ತೆ, ಐಟಾರ್ ಅನ್ನೋ ರಫ್ತು ಕಾನೂನಿನ ಪ್ರಕಾರ ಸಿಟಿಜನ್, ಗ್ರೀನ್ ಕಾರ್ಡ್ ಇರೋರು, ನಿರಾಶ್ರಿತರ ದರ್ಜೆ ಸಿಕ್ಕೋರು ಇವ್ರನ್ನ ಬಿಟ್ರೆ ಬೇರೆಯವ್ರನ್ನ ಆ ಡ್ರಾಯಿಂಗ್ ಹತ್ರಾನೂ ಬಿಡಲ್ಲ, ಸೆಕ್ಯೂರಿಟಿ ಕ್ಲಿಯರೆನ್ಸ್ ಬೇಕಾದ ಕಡೆ ಸಿಟಿಜನ್‌ಗೆ ಮಾತ್ರ. ಇಎಡಿ ಇದ್ರೂ ಅಲ್ಲಿ ನಡೆಯಲ್ಲ. ಜಾಹೀರಾತಿನ ಕೊನೇಲಿ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಅದನ್ನ ಮೊದಲು ಓದಿ ಆಮೇಲೆ ಮೇಲಿಂದ ಓದಿ. ನನ್ನ ಒಬ್ಳು ಸ್ಟೂಡೆಂಟ್, ನಿಮ್ಮ ಹಾಗೇ ಎಚ್-4, ಇಂಥ ಕಂಪನಿಗಳಿಗೇ ತಿಂಗಳುಗಟ್ಟಲೆ ಅಪ್ಲೈ ಮಾಡಿ ಯಾರೂ ಕರೀತಿಲ್ಲ ಅಂತ ಕುಗ್ಗಿಹೋಗಿದ್ಳು, ತಪ್ಪು ಅವಳದ್ದಲ್ಲ, ಬಾಗಿಲೇ ಬೇರೆ.

ನಿಮ್ಮ ಬಾಗಿಲು ಸೆಮಿಕಂಡಕ್ಟರ್. ಚಾಂಡ್ಲರ್‌ನಲ್ಲೇ ಇಂಟೆಲ್‌ನ ಒಕೊಟಿಯೊ ಕ್ಯಾಂಪಸ್ಸು, ಮೈಕ್ರೊಚಿಪ್‌ನ ಹೆಡ್ ಆಫೀಸು, ಎನ್‌ಎಕ್ಸ್‌ಪಿ ಇದೆ, ಫೀನಿಕ್ಸ್ ಉತ್ತರಕ್ಕೆ ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ. ಆ ಟಿಎಸ್‌ಎಂಸಿ 2020ರ ಮೇನಲ್ಲಿ 12 ಬಿಲಿಯನ್ ಡಾಲರ್ ಅಂತ ಶುರು ಮಾಡಿದ್ದು 2025ರಲ್ಲಿ 165 ಬಿಲಿಯನ್ ಅಂತ ಹೇಳೋ ಮಟ್ಟಕ್ಕೆ ಬಂತು, ಮಧ್ಯೆ 2023ರಲ್ಲಿ ಮೆಷಿನ್ ಕೂರಿಸೋಕೆ ನುರಿತ ಜನ ಸಿಗ್ತಿಲ್ಲ ಅಂತ ಪ್ರೊಡಕ್ಷನ್ ಶುರುವಾಗೋದನ್ನೇ ಮುಂದಕ್ಕೆ ಹಾಕಿದ್ರು, ತೈವಾನ್‌ನಿಂದ ಜನ ಕರೆಸಿದ್ರು. ಅಮೆರಿಕದಲ್ಲೇ ಚಿಪ್ ಮಾಡೋರಿಗೆ ಸರ್ಕಾರ ದುಡ್ಡು ಕೊಡೋ 2022ರ ಚಿಪ್ಸ್ ಕಾನೂನು ಬಂದಮೇಲೆ ಕಾಲೇಜುಗಳೂ ಈ ಕಡೆ ತಿರುಗಿದ್ವು. ಮಾರಿಕೋಪಾದವ್ರು ಅದೇ ವರ್ಷ 10 ದಿನದ ಸೆಮಿಕಂಡಕ್ಟರ್ ಟೆಕ್ನಿಷಿಯನ್ ಕ್ವಿಕ್ ಸ್ಟಾರ್ಟ್ ಅಂತ ಒಂದು ಕೋರ್ಸ್ ಶುರು ಮಾಡಿದ್ರು. ಅದನ್ನ ಮಾಡಿ, ಆದ್ರೆ ಅದರಿಂದಲೇ ಕೆಲಸ ಸಿಗತ್ತೆ ಅಂತಲ್ಲ, ತಲೆಯಿಂದ ಕಾಲಿನವರೆಗೆ ಮುಚ್ಚೋ ಆ ಬಿಳಿ 'ಬನ್ನಿ ಸೂಟ್' ಹಾಕ್ಕೊಂಡು ದಿನಪೂರ್ತಿ ನಿಂತ್ಕೊಂಡಿರೋ ಕೆಲಸ ನಿಮ್ಗೆ ಆಗತ್ತಾ ಇಲ್ವಾ ಅಂತ ಹತ್ತು ದಿನದಲ್ಲಿ ಗೊತ್ತಾಗತ್ತೆ. ಎರಡು ವರ್ಷ ಆದ್ಮೇಲೆ ಗೊತ್ತಾಗೋದಕ್ಕಿಂತ ವಾಸಿ. ಫ್ಯಾಬ್‌ನಲ್ಲಿ, ಅಂದ್ರೆ ಚಿಪ್ ಫ್ಯಾಕ್ಟರೀಲಿ, 12 ಗಂಟೆ ಶಿಫ್ಟು, ಒಂದು ವಾರ ಮೂರು ದಿನ, ಮುಂದಿನ ವಾರ ನಾಲ್ಕು ದಿನ ಅನ್ನೋ ಥರ ನಡೆಯತ್ತೆ, ನೈಟ್ ಶಿಫ್ಟೂ ಬರತ್ತೆ. ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋದು ಯಾರು ಅನ್ನೋ ಪ್ರಶ್ನೆ ಮನೇಲಿ ಕೂತು ಈಗ್ಲೇ ಮಾತಾಡ್ಕೊಳ್ಳಿ. ಬೋರ್ಡ್ ರಿಪೇರಿ, ಟೆಸ್ಟ್ ಲ್ಯಾಬ್, ಕ್ಯಾಲಿಬ್ರೇಷನ್ ಲ್ಯಾಬ್‌ಗಳಲ್ಲಿ ಡೇ ಶಿಫ್ಟ್ ಸಿಗತ್ತೆ, ಜಾಗ ಕಡಿಮೆ ಅಷ್ಟೆ.

ಸಂಬಳ ಎಷ್ಟು ಅಂತ ನೀವು ಕೇಳಿಲ್ಲ, ಯಜಮಾನ್ರು ಕೇಳೇ ಕೇಳ್ತಾರೆ. ಎಲೆಕ್ಟ್ರಾನಿಕ್ಸ್ ಟೆಕ್ನಿಷಿಯನ್‌ಗಳಿಗೆ ಇಡೀ ದೇಶದ ಮಧ್ಯಮ ಸಂಬಳ ವರ್ಷಕ್ಕೆ 70 ಸಾವಿರ ಡಾಲರ್‌ಗಿಂತ ಮೇಲಿದೆ ಅಂತ ಕಾರ್ಮಿಕ ಇಲಾಖೆ ಅಂಕಿ ಹೇಳತ್ತೆ, ಅದು ವರ್ಷಗಟ್ಟಲೆ ಕೆಲಸ ಮಾಡಿರೋರನ್ನೂ ಸೇರಿಸಿ, ಹೊಸಬ್ರಿಗೆ ಅದಕ್ಕಿಂತ ಕಡಿಮೆನೇ. ಪಕ್ಕದಲ್ಲಿ ಕೂತ ಇಂಜಿನಿಯರ್‌ಗೆ ಲಕ್ಷ ಡಾಲರ್ ದಾಟಿರತ್ತೆ. ಈ ವ್ಯತ್ಯಾಸ ನಿಜ, ಮುಚ್ಚಿಡೋದೇನಿಲ್ಲ, ಅದಕ್ಕೇ ಮುಂದಿನ ಮಾತು ಮುಖ್ಯ.

ಎರಡು ವರ್ಷದ ಡಿಗ್ರಿ ಅಂದ್ರೆ ಒಂದೇ ಅಲ್ಲ. ಎಎಎಸ್ ಅಂತ ಒಂದಿದೆ, ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್, ಇದು ನೇರ ಕೆಲಸಕ್ಕೆ ಹೋಗೋರಿಗೆ. ಎಎಸ್ ಅಂತ ಇನ್ನೊಂದು, ಅದು ಯೂನಿವರ್ಸಿಟಿಗೆ ಟ್ರಾನ್ಸ್‌ಫರ್ ಆಗೋರಿಗೆ. ಎರಡೂ ಅರವತ್ತು ಚಿಲ್ಲರೆ ಕ್ರೆಡಿಟ್. ನಮ್ಮಲ್ಲಿ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರ್ತೀವಲ್ಲ, ಅಷ್ಟು ಸಲೀಸಾಗಿ ಇಲ್ಲಿ ಎಎಎಸ್‌ನಿಂದ ಬ್ಯಾಚುಲರ್‌ಗೆ ಹೋಗೋಕಾಗಲ್ಲ. ಎಎಎಸ್‌ನಲ್ಲಿ ಟೆಕ್ನಿಕಲ್ ಮ್ಯಾಥ್ ಅಂತ ಒಂದು ಸುಲಭದ ಗಣಿತ ಇಟ್ಟಿರ್ತಾರೆ, ಅದು ಯೂನಿವರ್ಸಿಟಿ ಲೆಕ್ಕಕ್ಕೆ ಬರಲ್ಲ, ಮುಂದೆ ಓದ್ಬೇಕು ಅಂದಾಗ ಕಾಲೇಜ್ ಆಲ್ಜಿಬ್ರಾದಿಂದ ಮತ್ತೆ ಶುರು. ನಿಮ್ಗೆ ನನ್ನ ಸಲಹೆ, ಎಎಎಸ್ಸೇ ತಗೊಳ್ಳಿ, ಆದ್ರೆ ಗಣಿತ, ಇಂಗ್ಲಿಷ್, ಫಿಸಿಕ್ಸ್ ಇವು ಮೂರನ್ನ ಟ್ರಾನ್ಸ್‌ಫರ್ ಆಗೋ ನಂಬರಿನ ಕ್ಲಾಸುಗಳಾಗೇ ಆರಿಸ್ಕೊಳ್ಳಿ. ಅಡ್ವೈಸರ್ ಹತ್ರ ಕೂತಾಗ ಇಷ್ಟೇ ಕೇಳಿ, ಇದು ಎಎಸ್‌ಯುಗೆ (ಅರಿಜೋನಾ ಸ್ಟೇಟ್ ಯೂನಿವರ್ಸಿಟಿಗೆ) ಟ್ರಾನ್ಸ್‌ಫರ್ ಆಗತ್ತಾ, ಬರೀ ಕ್ರೆಡಿಟ್ ಆಗಿ ಕೂರತ್ತಾ ಅಥವಾ ಡಿಗ್ರಿಗೆ ಬೇಕಾದ ಕ್ಲಾಸಿನ ಬದಲಿಗೆ ಲೆಕ್ಕಕ್ಕೆ ಬರತ್ತಾ. ಎರಡನೇ ಅರ್ಧ ಕೇಳದೇ ಇದ್ರೆ ಅವ್ರು ಮೊದಲನೇದಕ್ಕೆ ಹೌದು ಅಂತಾರೆ, ನೀವು ಖುಷಿಯಾಗಿ ಬರ್ತೀರ, ಆಮೇಲೆ ಆ ಕ್ರೆಡಿಟ್ಟೆಲ್ಲ ಎಲೆಕ್ಟಿವ್ ಅನ್ನೋ ಮೂಟೆಗೆ ಹೋಗಿ ಬಿದ್ದಿರತ್ತೆ. ಎಎಸ್‌ಯುನ ಪಾಲಿಟೆಕ್ನಿಕ್ ಕ್ಯಾಂಪಸ್ ನಿಮ್ಗೆ ಹತ್ರದ ಮೇಸಾದಲ್ಲೇ ಇದೆ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ.

ಇದೇ ಜಾಗದಲ್ಲಿ ಎಬೆಟ್ ಅನ್ನೋ ಹೆಸರೂ ಕೇಳ್ತೀರ, ಕೋರ್ಸುಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಅದು. ಇಂಜಿನಿಯರಿಂಗ್‌ಗೆ ಒಂದು ಕಮಿಷನ್ನು, ಇಂಜಿನಿಯರಿಂಗ್ ಟೆಕ್ನಾಲಜಿಗೆ ಬೇರೆ ಕಮಿಷನ್ನು ಇಟ್ಕೊಂಡಿದಾರೆ. ಎರಡು ವರ್ಷದ ಕೋರ್ಸಿಗೆ ಎಬೆಟ್ ಇದ್ರೆ ಒಳ್ಳೇದು, ಇಲ್ದೇ ಇದ್ರೆ ಟೆಕ್ನಿಷಿಯನ್ ಕೆಲಸಕ್ಕೇನೂ ತೊಂದ್ರೆ ಇಲ್ಲ. ನಾಲ್ಕು ವರ್ಷದ್ದಕ್ಕೆ ಮಾತ್ರ ಇಲ್ದಿದ್ರೆ ಆ ಕಡೆ ತಲೆ ಹಾಕ್ಬೇಡಿ. ಇದೆಲ್ಲಕ್ಕಿಂತ ಮುಖ್ಯ, ಟಿವೀಲಿ ಜಾಹೀರಾತು ಕೊಟ್ಟು ಕರೆಯೋ ಲಾಭಕ್ಕೆ ನಡೆಸೋ ಕಾಲೇಜುಗಳ ಕಡೆ ಹೋಗ್ಬೇಡಿ. ಐಟಿಟಿ ಟೆಕ್ ಅಂತ ಇತ್ತು, ದೇಶದ ತುಂಬಾ ಸುಮಾರು 130 ಕ್ಯಾಂಪಸ್ಸು, ಎಲೆಕ್ಟ್ರಾನಿಕ್ಸೇ ಅವರ ಹೆಸರುವಾಸಿ ಕೋರ್ಸು, 2016ರ ಸೆಪ್ಟೆಂಬರ್‌ನಲ್ಲಿ ಒಂದೇ ದಿನಕ್ಕೆ ಎಲ್ಲ ಬೀಗ ಹಾಕ್ಕೊಂಡ್ರು, ಸಾವಿರಾರು ಮಕ್ಕಳು ಸಾಲ ಹೊತ್ಕೊಂಡು ಬೀದೀಲಿ ನಿಂತ್ರು.

ಸರಿ, ಈಗ ನನಗಿಷ್ಟವಾದ ಜಾಗಕ್ಕೆ ಬರ್ತೀನಿ, ಲ್ಯಾಬು.

ನಿಮ್ಮ ಡಿಪ್ಲೊಮಾದಲ್ಲಿ ಲ್ಯಾಬ್ ಹೇಗಿತ್ತು ನೆನಪು ಮಾಡ್ಕೊಳ್ಳಿ. ಒಂದು ಕಿಟ್ ಸುತ್ತ ಆರು ಜನ, ಒಬ್ಬ ವೈರ್ ಚುಚ್ತಾನೆ, ಒಬ್ಬ ರೀಡಿಂಗ್ ಬರೀತಾನೆ, ಮಿಕ್ಕೋರು ರೆಕಾರ್ಡಿಗೆ ಹಿಂದಿನ ಬ್ಯಾಚಿನವರ ಗ್ರಾಫ್ ಇಳಿಸ್ತಾರೆ, ಎಕ್ಸ್‌ಟರ್ನಲ್ ಬಂದಾಗ ವೈವಾ. ಇಲ್ಲಿ ಬೆಂಚಿಗೆ ಒಬ್ರು, ಹೆಚ್ಚಂದ್ರೆ ಇಬ್ರು. ಪವರ್ ಸಪ್ಲೈ, ಫಂಕ್ಷನ್ ಜನರೇಟರ್, ಸ್ಕೋಪು (ವೋಲ್ಟೇಜಿನ ಅಲೆ ತೋರ್ಸೋ ಆಸಿಲೋಸ್ಕೋಪು), ಮೀಟ್ರು ಪೂರ್ತಿ ನಿಮ್ದೇ. ಲ್ಯಾಬ್ ನೋಟ್‌ಬುಕ್ ಪೆನ್ನಲ್ಲೇ ಬರೀಬೇಕು, ತಪ್ಪಾದ್ರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಮಾಡಿ ಇನಿಷಿಯಲ್ ಹಾಕ್ಬೇಕು, ಅಳಿಸೋ ಹಾಗಿಲ್ಲ, ಯಾಕಂದ್ರೆ ನಾಳೆ ಕಂಪನೀಲೂ ಹಾಗೇ.

ನಾನು ಮೊದಮೊದಲ ವಾರದಲ್ಲೇ ಕೊಡೋ ಒಂದು ಎಕ್ಸ್‌ಪೆರಿಮೆಂಟ್ ಇದೆ. ಎರಡು 10 ಮೆಗಾ ಓಮ್ ರೆಸಿಸ್ಟರ್ ಸೀರೀಸಲ್ಲಿ ಹಾಕಿ 10 ವೋಲ್ಟ್ ಕೊಡಿ, ಮಧ್ಯದಲ್ಲಿ ಎಷ್ಟು ಬರತ್ತೆ ಲೆಕ್ಕ ಹಾಕಿ, ಆಮೇಲೆ ಮೀಟರಲ್ಲಿ ಅಳೀರಿ. ಲೆಕ್ಕ ಎಲ್ಲರ್ದೂ 5 ವೋಲ್ಟ್. ಮೀಟರ್ ತೋರ್ಸೋದು 3.33. ರೆಸಿಸ್ಟರ್ ಕೆಟ್ಟಿದೆ ಅಂತ ಬದಲಾಯಿಸ್ತಾರೆ, ಮತ್ತೆ 3.33. ಸಪ್ಲೈ ಸರಿ ಇಲ್ಲ ಅಂತಾರೆ, ಪಕ್ಕದ ಬೆಂಚಿನ ಮೀಟರ್ ತರ್ತಾರೆ, ಅದೂ 3.33. ಸುಮಾರು ಹೊತ್ತಾದ್ಮೇಲೆ ಯಾರೋ ಒಬ್ರು ಮೀಟರಿನ ಮ್ಯಾನ್ಯುವಲ್ ತೆಗೀತಾರೆ, ಇನ್‌ಪುಟ್ ಇಂಪಿಡೆನ್ಸ್ (ಮೀಟರಿನ ಒಳಗಿನ ರೆಸಿಸ್ಟೆನ್ಸು) 10 ಮೆಗಾ ಓಮ್ ಅಂತ ಬರೆದಿರತ್ತೆ, ಅಂದ್ರೆ ಮೀಟರ್ ಇಟ್ಟ ತಕ್ಷಣ ಕೆಳಗಿನ ರೆಸಿಸ್ಟರ್ 5 ಮೆಗಾ ಓಮ್ ಆಗೋಯ್ತು, 15ರಲ್ಲಿ 5 ಭಾಗ, 10 ವೋಲ್ಟಿನ ಮೂರನೇ ಒಂದು. ಅಳೆಯೋಕೆ ಹೋದದ್ದೇ ಸರ್ಕ್ಯೂಟನ್ನ ಬದಲಾಯಿಸ್ತು. ಲೋಡಿಂಗ್ ಎಫೆಕ್ಟ್ ಅಂತ ನೀವೂ ಓದಿದೀರ, ಎರಡು ಮಾರ್ಕಿಗೆ ಡೆಫಿನಿಷನ್ ಬರೆದೂ ಇದೀರ, ಆದ್ರೆ ಕೈಯಾರೆ ಒಂದ್ಸಲ ಆ 3.33 ಮುಂದೆ ಕೂತು ಬೆವರಿದೋರು ಮುಂದೆ ಯಾವತ್ತೂ ಮೀಟರನ್ನ ಕಣ್ಣು ಮುಚ್ಚಿ ನಂಬಲ್ಲ.

ಎರಡನೇ ಸೆಮಿಸ್ಟರಲ್ಲಿ ಟ್ರಬಲ್ ಶೂಟಿಂಗ್ ಪರೀಕ್ಷೆ ಇರತ್ತೆ, ನಿಮ್ಮಂಥವರು ಮಿಂಚೋದು ಅಲ್ಲಿ. ಒಂದು ಪವರ್ ಸಪ್ಲೈ ಬೋರ್ಡು, 12 ವೋಲ್ಟ್ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡಿನ ಬ್ರಿಡ್ಜು, ಕೆಪಾಸಿಟರು, 7805 ಅನ್ನೋ 5 ವೋಲ್ಟ್ ರೆಗ್ಯುಲೇಟರು. ನಾನು ಒಂದು ಪಾರ್ಟ್ ಕೆಡಿಸಿಟ್ಟಿರ್ತೀನಿ. ಎಲ್ಲ ಸರಿ ಇದ್ರೆ ಕೆಪಾಸಿಟರ್ ಮೇಲೆ 15 ಚಿಲ್ಲರೆ ವೋಲ್ಟ್ ಡಿಸಿ ಬರ್ಬೇಕು, ಸ್ಕೋಪಲ್ಲಿ ರಿಪಲ್ (ಡಿಸಿ ಮೇಲೆ ಉಳಿಯೋ ಏರಿಳಿತ) 120 ಹರ್ಟ್ಜ್ ಇರ್ಬೇಕು. ಇಲ್ಲಿನ ಕರೆಂಟ್ 60 ಹರ್ಟ್ಜ್ ಅಲ್ವಾ, ಊರಲ್ಲಾದ್ರೆ 100. ರಿಪಲ್ 60ಕ್ಕೆ ಇಳಿದಿದೆ ಅಂದ್ರೆ ಬ್ರಿಡ್ಜಲ್ಲಿ ಒಂದು ಡಯೋಡ್ ಓಪನ್. ಮೀಟರಲ್ಲಿ 9-10 ವೋಲ್ಟ್ ಹತ್ರ ತೋರ್ಸಿ ಸ್ಕೋಪಲ್ಲಿ ಗುಡ್ಡದ ಸಾಲು ಪೂರ್ತಿ ನೆಲಕ್ಕೆ ಇಳಿದು ಇಳಿದು ಹತ್ತುತ್ತಿದ್ರೆ ಕೆಪಾಸಿಟರ್ ಕಾಲು ಬಿಟ್ಟಿದೆ. ಇದರಲ್ಲಿ ಕೆಟ್ಟ ಪಾರ್ಟ್ ಸಿಕ್ಕಿದ್ದಕ್ಕೆ ಅರ್ಧ ಮಾರ್ಕ್ ಮಾತ್ರ, ಮಿಕ್ಕಿದ್ದು ಯಾವ ಕ್ರಮದಲ್ಲಿ ಹುಡುಕಿದ್ರಿ, ಪ್ರತಿ ಸಲ ಪ್ರೋಬ್ ಇಡೋಕೆ ಮುಂಚೆ ಏನು ಬರತ್ತೆ ಅಂತ ಬರೆದಿದ್ರಿ ಅನ್ನೋದಕ್ಕೆ. ಯುಪಿಎಸ್ ಬೋರ್ಡ್ ಮಾಡಿರೋ ನಿಮ್ಗೆ ಫಾಲ್ಟ್ ಬೇಗ ಸಿಗತ್ತೆ, ಆದ್ರೆ ನಮ್ಮ ಕಡೆ ರಿಪೇರಿ ಅಂಗಡಿ ಅಭ್ಯಾಸ ಒಂದಿರತ್ತೆ, ಅನುಮಾನ ಬಂದದ್ದನ್ನೆಲ್ಲ ಕಿತ್ತು ಹೊಸದು ಹಾಕಿ ನೋಡೋದು. ಅದನ್ನ ಇಲ್ಲಿ ಬಿಡ್ಬೇಕಾಗತ್ತೆ. ಇಂಟರ್‌ವ್ಯೂಲೂ ಇದನ್ನೇ ಮಾಡ್ತಾರೆ, ಒಂದು ಸ್ಕೀಮ್ಯಾಟಿಕ್ ಮುಂದಿಟ್ಟು ಔಟ್‌ಪುಟ್ ಇಲ್ಲ, ಮೊದಲು ಎಲ್ಲಿ ಪ್ರೋಬ್ ಇಡ್ತೀರ, ಯಾಕೆ ಅಂತ ಕೇಳ್ತಾರೆ, ಬಾಯಿಬಿಟ್ಟು ಯೋಚನೆ ಮಾಡೋ ಅಭ್ಯಾಸ ಬೇಕು. ಮನೇಲಿ ಮಗಳಿಗೆ ಹೇಳ್ತಾ ಹೇಳ್ತಾ ಅಭ್ಯಾಸ ಮಾಡಿ, ತಮಾಷೆಗಲ್ಲ.

ಇನ್ನು ನಿಮ್ಮ ಕೈ ಮರೆಯಲೇಬೇಕಾದ ಒಂದು ವಿಷಯ, ಇದು ಜೀವದ ಪ್ರಶ್ನೆ ಅಂತಲೇ ತಿಳ್ಕೊಳ್ಳಿ. ನಮ್ಮ ಊರಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್. ಇಲ್ಲಿ ಕಪ್ಪು ಅಂದ್ರೆ ಹಾಟ್, ಕರೆಂಟ್ ಇರೋ ವೈರು, ಬಿಳಿ ನ್ಯೂಟ್ರಲ್ಲು, ಹಸಿರು ಅಥವಾ ಬರಿ ತಾಮ್ರ ಗ್ರೌಂಡು. ಎರಡು ವರ್ಷ ಕಪ್ಪನ್ನ ನ್ಯೂಟ್ರಲ್ ಅಂತ ಮುಟ್ಟಿರೋ ಕೈ ಸುಸ್ತಾದಾಗ ತಂತಾನೇ ಹಳೆ ಅಭ್ಯಾಸಕ್ಕೆ ಹೋಗತ್ತೆ. ಹಾಗಾಗಿ ಬಣ್ಣ ನೋಡಿ ತೀರ್ಮಾನ ಮಾಡ್ಬೇಡಿ, ಮೀಟರ್ ಇಟ್ಟು ನೋಡಿ. ಸ್ಕೋಪಿನ ಗ್ರೌಂಡ್ ಕ್ಲಿಪ್ಪೂ ಅಷ್ಟೇ, ಅದು ಒಳಗೆ ಅರ್ಥ್‌ಗೆ ಸೇರಿರತ್ತೆ, ಯುಪಿಎಸ್ ಥರದ ಬೋರ್ಡಿನ ಪ್ರೈಮರಿ ಕಡೆ, ಅಂದ್ರೆ ಮೇನ್ಸ್ ಕರೆಂಟ್ ನೇರ ಬರೋ ಕಡೆ, ಕಚ್ಚಿಸಿದ್ರೆ ಢಮಾರ್. ಫ್ಯಾಕ್ಟರಿ ಕೆಲಸಕ್ಕೆ ಹೋದ್ರೆ ಲಾಕೌಟ್ ಟ್ಯಾಗೌಟ್ ಅಂತ ಕಲಿಸ್ತಾರೆ, ಮೆಷಿನ್ ಒಳಗೆ ಕೈ ಹಾಕೋ ಪ್ರತಿಯೊಬ್ರೂ ಮೇನ್ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ ತಮ್ಮ ಹೆಸರಿನ ಚೀಟಿ ನೇತು ಹಾಕಿ ಕೀ ತಮ್ಮ ಜೇಬಲ್ಲಿಟ್ಕೋಬೇಕು. ಓಶಾ ಅನ್ನೋ ಸರ್ಕಾರಿ ಸಂಸ್ಥೆಯ ನಿಯಮ ಅದು, ಅಯ್ಯೋ ಎರಡೇ ನಿಮಿಷದ ಕೆಲಸ ಅಂತ ಬಿಟ್ಟವ್ರನ್ನ ಅವತ್ತೇ ಮನೆಗೆ ಕಳ್ಸಿದ್ದನ್ನೂ ನೋಡಿದೀನಿ.

ಸೋಲ್ಡರಿಂಗ್ ಕ್ಲಾಸಲ್ಲಿ ಐಪಿಸಿ-ಎ-610 ಅನ್ನೋ ಮಾನದಂಡ ಬರತ್ತೆ, ಜಾಯಿಂಟ್ ಹೇಗಿದ್ರೆ ಪಾಸು ಹೇಗಿದ್ರೆ ಫೇಲು ಅಂತ ಫೋಟೋ ಸಮೇತ ಇರೋದು. ಅವಕಾಶ ಇದ್ರೆ ಅದರ ಸರ್ಟಿಫಿಕೇಟ್ ಜೊತೆಗೇ ಮಾಡ್ಕೊಳ್ಳಿ, ಬೋರ್ಡ್ ಮಾಡೋ ಕಂಪನಿಗಳಲ್ಲಿ ಮೊದಲು ಕೇಳೋದೇ ಅದು.

ಓಮ್ಸ್ ಲಾ ಇಂದ ಮತ್ತೆ ಶುರು ಮಾಡ್ಬೇಕಾ ಅಂದ್ರಲ್ಲ. ಎರಡು ದಾರಿ ಇದೆ. ಒಂದು, ಡಿಪ್ಲೊಮಾನ ಇವ್ಯಾಲ್ಯುಯೇಷನ್‌ಗೆ ಕಳ್ಸೋದು, ವೆಸ್ ಥರದ ಏಜೆನ್ಸಿಗಳಿದಾವೆ. ಹತ್ತನೇ ಕ್ಲಾಸ್ ಮೇಲೆ ಮೂರು ವರ್ಷ ಅಂದ್ರೆ ಒಟ್ಟು 13 ವರ್ಷದ ಓದು, ಇವ್ರ ಅಸೋಸಿಯೇಟ್ ಡಿಗ್ರಿ 12 ಆದ್ಮೇಲೆ ಎರಡು, ಒಟ್ಟು 14, ಹಾಗಾಗಿ ಪೂರ್ತಿ ಸಮ ಅಂತ ಒಪ್ತಾರೆ ಅನ್ನೋ ನಂಬಿಕೆ ಬೇಡ, ಒಂದಷ್ಟು ಕ್ರೆಡಿಟ್ ಕೊಡಬಹುದು, ಕೊನೇ ಮಾತು ಕಾಲೇಜಿಂದು. ಯಾವ ಏಜೆನ್ಸಿದು ಒಪ್ತೀರ ಅಂತ ಕಾಲೇಜನ್ನ ಕೇಳಿಯೇ ದುಡ್ಡು ಕಟ್ಟಿ. ಎರಡನೇದು, ಡಿಪಾರ್ಟ್‌ಮೆಂಟಲ್ಲಿ ಚಾಲೆಂಜ್ ಎಕ್ಸಾಮ್ ಇದೆಯಾ ಅಂತ ಕೇಳೋದು, ಪಾಸಾದ್ರೆ ಕ್ಲಾಸ್ ಕೂರದೇನೇ ಕ್ರೆಡಿಟ್. ಡಿಸಿ ಸರ್ಕ್ಯೂಟ್, ಡಿಜಿಟಲ್ ಮೊದಲನೇ ಭಾಗ ನೀವು ಹೀಗೇ ದಾಟಬಹುದು. ಆದ್ರೆ ಎಸಿ ಸರ್ಕ್ಯೂಟ್ ದಾಟ್ಬೇಡಿ. ಅದ್ರ ಲ್ಯಾಬಲ್ಲಿ ಸ್ಕೋಪ್ ಮೇಲೆ ಕೈ ಕೂರೋದು, ಆ ಕೈ ಹತ್ತು ವರ್ಷ ಸ್ಕೋಪ್ ಮುಟ್ಟಿಲ್ಲ. ಇನ್ನೊಂದು, ಕೆಲವು ಕ್ಲಾಸು ಬರೀ ಫಾಲ್ ಸೆಮಿಸ್ಟರಲ್ಲಿ ಮಾತ್ರ ನಡೆಯತ್ತೆ, ಒಂದು ತಪ್ಪಿದ್ರೆ ಅದನ್ನ ನಂಬ್ಕೊಂಡಿರೋ ಮುಂದಿನ ಎರಡು ಕ್ಲಾಸೂ ಒಂದು ವರ್ಷ ಹಿಂದೆ ಬೀಳತ್ತೆ, ಸಂಜೆ ಬ್ಯಾಚಲ್ಲಂತೂ ಜನ ಸಾಲ್ದೆ ಕ್ಯಾನ್ಸಲ್ ಆಗೋದೂ ಉಂಟು. ಮೊದಲ ದಿನವೇ ಪೂರ್ತಿ ಎರಡು ವರ್ಷದ ಕ್ಲಾಸ್ ಪಟ್ಟಿ ಒಂದು ಹಾಳೇಲಿ ಬರೆದು ಅಡ್ವೈಸರ್ ಹತ್ರ ಸರಿ ಇದೆಯಾ ಅಂತ ಕೇಳ್ಕೊಳ್ಳಿ.

ಖರ್ಚು ಬೇಗ ಮುಗಿಸ್ತೀನಿ. ನಿಮ್ಮ ಡಿಸ್ಟ್ರಿಕ್ಟಲ್ಲಿ ರೆಸಿಡೆಂಟ್ ಅಂತ ಒಪ್ಪಿದ್ರೆ ಕ್ರೆಡಿಟ್‌ಗೆ ನೂರು ಡಾಲರ್ ಆಸುಪಾಸು, ಅಂದ್ರೆ ಇಡೀ ಡಿಗ್ರಿಗೆ ಆರೇಳು ಸಾವಿರ, ಮೇಲೆ ಪುಸ್ತಕ, ಲ್ಯಾಬ್ ಫೀಸ್, ಟೂಲ್ ಕಿಟ್. ರೆಸಿಡೆಂಟ್ ಅಲ್ಲ ಅಂದ್ರೆ ಮೂರು ಪಟ್ಟಿಗೂ ಜಾಸ್ತಿ, ಹಾಗಾಗಿ ಎಚ್-4 ಮೇಲೆ ರೆಸಿಡೆಂಟ್ ಅನ್ನಿಸ್ಕೊಳ್ಳೋಕೆ ಯಾವ್ಯಾವ ದಾಖಲೆ ಬೇಕು ಅಂತ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಕೇಳಿ, ಫೋನಲ್ಲಿ ಬೇಡ. ಪೆಲ್ ಗ್ರಾಂಟ್ ಥರದ ಫೆಡರಲ್ ಸಹಾಯ ಎಚ್-4ಗೆ ಇಲ್ಲ, ಗ್ರೀನ್ ಕಾರ್ಡ್ ಬಂದ್ಮೇಲೆ ಸಿಗತ್ತೆ. ನಿಮ್ಮದು ಜಾಯಿಂಟ್ ಟ್ಯಾಕ್ಸ್ ಫೈಲಿಂಗ್ ಆಗಿ ಇಬ್ರದ್ದೂ ಸೇರಿ ಆದಾಯ 1,60,000 ಡಾಲರ್ ಒಳಗಿದ್ರೆ ಅಮೆರಿಕನ್ ಆಪರ್ಚುನಿಟಿ ಅಂತ ಒಂದು ಟ್ಯಾಕ್ಸ್ ಕ್ರೆಡಿಟ್ ಇದೆ, ವರ್ಷಕ್ಕೆ 2,500 ಡಾಲರ್ ವರೆಗೆ, ಕನಿಷ್ಠ ಹಾಫ್ ಟೈಮ್ ಓದ್ತಿರ್ಬೇಕು. ಆ 1,60,000 ದಾಟಿದ್ರೆ ಕಮ್ಮಿ ಆಗ್ತಾ ಹೋಗಿ 1,80,000ಕ್ಕೆ ಸೊನ್ನೆ. ಕಾಲೇಜು ಜನವರೀಲಿ 1098-ಟಿ ಅಂತ ಫಾರ್ಮ್ ಕೊಡತ್ತೆ, ಎತ್ತಿಟ್ಕೊಳ್ಳಿ, ಯಜಮಾನ್ರಿಗೆ ಈ ಲೆಕ್ಕ ಖಂಡಿತ ಇಷ್ಟ ಆಗತ್ತೆ.

ಸೇರೋಕೆ ಮುಂಚೆ ಕಾಲೇಜಿಗೆ ಹೋಗಿ ಲ್ಯಾಬ್ ತೋರ್ಸಿ ಅಂತ ಕೇಳಿ, ತೋರಿಸ್ತಾರೆ. ಹೊಸ ರೋಬೋಟ್ ಇರೋ ರೂಮಿಗೆ ಕರ್ಕೊಂಡು ಹೋಗ್ತಾರೆ, ಅದನ್ನ ನೋಡಿ ಮರುಳಾಗ್ಬೇಡಿ, ಗಾಜಿನ ಒಳಗೆ ಇರೋದು ಬರೋರಿಗೆ ತೋರ್ಸೋಕೆ. ಬೆಂಚುಗಳ ಹತ್ರ ಹೋಗಿ ಸ್ಕೋಪ್ ಪ್ರೋಬ್‌ಗಳನ್ನ ನೋಡಿ. ಪ್ರೋಬಿನ ತುದಿ ಮುರಿದು, ಗ್ರೌಂಡ್ ಕ್ಲಿಪ್ ಕಿತ್ತೋಗಿ, ಬ್ರೆಡ್‌ಬೋರ್ಡ್ ತೂತೆಲ್ಲ ಸಡಿಲ ಆಗಿದ್ರೆ ಆ ಲ್ಯಾಬನ್ನ ನೋಡ್ಕೊಳ್ಳೋರಿಲ್ಲ ಅಂತ ಅರ್ಥ. ಆಮೇಲೆ ಎರಡು ಪ್ರಶ್ನೆ ಕೇಳಿ: ಕ್ಲಾಸ್ ಟೈಮ್ ಬಿಟ್ಟು ಓಪನ್ ಲ್ಯಾಬ್ ಯಾವಾಗ ಇರತ್ತೆ, ಹೋದ ವರ್ಷ ಮುಗಿಸಿದವ್ರು ಯಾವ್ಯಾವ ಕಂಪನಿಗೆ ಹೋದ್ರು. ಎರಡನೇದಕ್ಕೆ ಟೀಚರ್ ತಡವರಿಸದೆ ನಾಲ್ಕು ಕಂಪನಿ ಹೆಸರು ಹೇಳಿದ್ರೆ ಆ ಡಿಪಾರ್ಟ್‌ಮೆಂಟಿಗೆ ಹೊರಗಿನ ನಂಟಿದೆ. ಇಂಟರ್ನ್‌ಶಿಪ್‌ಗಳು ಬರೋದು ಹೆಚ್ಚಾಗಿ ಆ ನಂಟಿಂದಲೇ, ಪೋರ್ಟಲ್‌ನಿಂದ ಅಲ್ಲ. ಟೀಚರ್ ಆಫೀಸ್ ಅವರ್ಸ್‌ಗೆ ಹೋಗಿ ಕೂರೋಕೆ ನಮ್ಮವ್ರಿಗೆ ಸಂಕೋಚ, ಬಿಟ್ಬಿಡಿ ಅದನ್ನ, ನಾನಂತೂ ಕಾಯ್ತಾ ಕೂತಿರ್ತೀನಿ, ಯಾರೂ ಬರಲ್ಲ.

ಟ್ರಾನ್ಸ್‌ಕ್ರಿಪ್ಟ್ ಒಂದನ್ನ ಮಾತ್ರ ಇವತ್ತೇ ಶುರು ಮಾಡಿ. ಬೆಂಗಳೂರಲ್ಲಿ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷಾ ಮಂಡಳಿಯಿಂದ ಬರ್ಬೇಕು, ಇಲ್ಲಿಂದ ಕೂತು ಮಾಡೋದು ಕಷ್ಟ, ಹಾಸನದಲ್ಲಿ ತಮ್ಮನೋ ಅಣ್ಣನೋ ಇದ್ರೆ ಅವ್ರ ಹೆಸರಿಗೆ ಒಂದು ಆಥರೈಸೇಷನ್ ಪತ್ರ ಬರೆದು, ಆರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡಿ ಕಳ್ಸಿ, ಸೀಲ್ ಆದ ಕವರ್ ಬೇಕಾ ಅಥವಾ ನೇರ ಏಜೆನ್ಸಿಗೇ ಕಳ್ಸಬೇಕಾ ಅಂತ ಮೊದಲೇ ಕೇಳ್ಕೊಂಡು ಅವ್ರಿಗೆ ಹೇಳಿ, ಎರಡೆರಡು ಸಲ ಬೆಂಗಳೂರಿಗೆ ಓಡಿಸ್ಬೇಡಿ. ಮಾರ್ಕ್ಸ್ ಕಾರ್ಡಲ್ಲಿರೋ ಹೆಸರು, ಪಾಸ್‌ಪೋರ್ಟಲ್ಲಿರೋ ಹೆಸರು ಒಂದೇ ಇದೆಯಾ ನೋಡ್ಕೊಳ್ಳಿ, ಮದುವೆ ಆದ್ಮೇಲೆ ಬದಲಾಗಿದ್ರೆ ಮದುವೆ ಸರ್ಟಿಫಿಕೇಟಿನ ಕಾಪಿನೂ ಅದರ ಜೊತೆಗೇ ಇಡಿ.